ಗೇಟಿನ ಒಳಗಿರುವ ನಮಗೆ: ಬೆಂಗಳೂರಿನ ನಿವಾಸಿ ಸಂಘಗಳಿಗೊಂದು ಬಹಿರಂಗ ಪತ್ರ

ಗೆ,
ಅಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ಪದಾಧಿಕಾರಿಗಳು,
ಬೆಂಗಳೂರಿನ ಎಲ್ಲ ಅಪಾರ್ಟ್‌ಮೆಂಟ್ ಮಾಲೀಕರ ಸಂಘಗಳು ಹಾಗೂ ನಿವಾಸಿ ಕ್ಷೇಮಾಭಿವೃದ್ಧಿ ಸಂಘಗಳು

ಮಾನ್ಯರೇ,

ಬೆಂಗಳೂರಿನ ಬಗ್ಗೆ ಬಹಿರಂಗ ಪತ್ರ ಅಂದರೆ ಅದು ಸಾಮಾನ್ಯವಾಗಿ ಮುಖ್ಯಮಂತ್ರಿಗಳಿಗೋ ಪಾಲಿಕೆ ಆಯುಕ್ತರಿಗೋ ಹೋಗುತ್ತದೆ. ರಸ್ತೆ ಗುಂಡಿಯಿಂದ ಶುರುವಾಗಿ ಕಸದ ಹತ್ತಿರ ಮುಗಿಯುತ್ತದೆ. ನಾನು ನಿಮಗೆ ಬರೆಯುತ್ತಿರುವುದಕ್ಕೆ ಕಾರಣ ಇದೆ. ಬಿಬಿಎಂಪಿಯ ಕೊನೆಯ ಕೌನ್ಸಿಲ್‌ನ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ವರ್ಷಗಟ್ಟಲೆ ಈ ಊರಿಗೆ ಕಾರ್ಪೊರೇಟರ್‌ಗಳೇ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದವು. ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು. ಹೊಸ ಬೋರ್ಡುಗಳು ಬಂದಾಗಲೂ ಕುರ್ಚಿಯಲ್ಲಿ ಕೂತವರು ಅಧಿಕಾರಿಗಳೇ. ಈ ಖಾಲಿ ಇದ್ದ ಕಾಲದಲ್ಲಿ ವಾರ್ಡಿನ ಇಂಜಿನಿಯರ್ ಯಾರ ಫೋನ್ ಎತ್ತಿದರು? ನಿಮ್ಮದು. ಯಾರ ವಾಟ್ಸಾಪ್ ಗ್ರೂಪಿನಲ್ಲಿ ಇನ್‌ಸ್ಪೆಕ್ಟರ್ ಇದ್ದರು? ನಿಮ್ಮದರಲ್ಲಿ. ಅಧಿಕಾರ ಇರುವವರಿಗೆ ತಾನೇ ಮನವಿ ಸಲ್ಲಿಸಬೇಕು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಾನು ಸರ್ಕಾರಿ ಪದವಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುವವನು. ಹಾಗಂತ ಹೊರಗೆ ನಿಂತು ಕಲ್ಲು ಹೊಡೆಯುತ್ತಿಲ್ಲ. ನಾನೂ ಅಪಾರ್ಟ್‌ಮೆಂಟಿನಲ್ಲೇ ಇದ್ದೇನೆ. ಮೇಂಟೆನೆನ್ಸ್ ಕಟ್ಟುತ್ತೇನೆ, ಜನರಲ್ ಬಾಡಿ ಮೀಟಿಂಗಿನಲ್ಲಿ ಹಿಂದಿನ ಸಾಲಲ್ಲಿ ಕೂತು ಬಿಸ್ಕತ್ತು ತಿನ್ನುತ್ತೇನೆ. ನಿಮ್ಮ ಕೆಲಸ ಎಷ್ಟು ಕಷ್ಟ ಅಂತಲೂ ಗೊತ್ತು. ಸಂಬಳ ಇಲ್ಲ, ಥ್ಯಾಂಕ್ಸ್ ಇಲ್ಲ, ಲಿಫ್ಟ್ ಕೆಟ್ಟರೆ ಬೈಗುಳ ಮಾತ್ರ ಗ್ಯಾರಂಟಿ. ಈ ಊರಿಗೆ ನಿಮ್ಮಿಂದ ಆದ ಒಳ್ಳೆಯದೂ ಕಡಿಮೆ ಏನಲ್ಲ. ಕೈಕೊಂಡ್ರಹಳ್ಳಿ ಕೆರೆಗೆ ಜೀವ ಬಂದದ್ದು ಅಕ್ಕಪಕ್ಕದ ಜನ ಬೆನ್ನು ಹತ್ತಿದ್ದಕ್ಕೆ. 2016ರಲ್ಲಿ ಚಾಲುಕ್ಯ ಸರ್ಕಲ್ಲಿನಿಂದ ಹೆಬ್ಬಾಳದವರೆಗೆ ಉಕ್ಕಿನ ಸೇತುವೆ ಕಟ್ಟುತ್ತೇವೆ ಅಂತ ಸರ್ಕಾರ ಹೊರಟಾಗ ಬೀದಿಗೆ ಇಳಿದು ಬೇಡ ಅಂದವರಲ್ಲಿ ನೀವೂ ಇದ್ದಿರಿ. ಮುಂದಿನ ವರ್ಷ ಆ ಯೋಜನೆ ಕೈಬಿಟ್ಟರು. ಹಸಿ ಕಸ ಒಣ ಕಸ ಬೇರೆ ಮಾಡುವುದನ್ನು ಮನೆಮನೆಗೆ ಹೋಗಿ ಕಲಿಸಿದವರೂ ನೀವೇ. ಇಷ್ಟು ಮಾಡಬಲ್ಲವರು ಅಂತ ಗೊತ್ತಿರುವುದರಿಂದಲೇ ನನ್ನ ದೂರು ಸ್ವಲ್ಪ ಜಾಸ್ತಿ ಖಾರವಾಗಿದ್ದರೆ ಸಹಿಸಿಕೊಳ್ಳಿ.

ದೂರು ಇಷ್ಟು. ಬೆಂಗಳೂರು ಬೆಳೆಯುತ್ತಿದೆ, ಆದರೆ ಊರಾಗಿ ಬೆಳೆಯುತ್ತಿಲ್ಲ, ಗೇಟುಗಳಾಗಿ ಬೆಳೆಯುತ್ತಿದೆ. ಆ ಗೇಟುಗಳನ್ನು ಬಿಲ್ಡರ್ ಇಟ್ಟಿರಬಹುದು. ಅವುಗಳ ರೂಲ್ಸ್ ಬರೆಯುತ್ತಿರುವವರು ನಾವು.

ಸ್ವಲ್ಪ ಹಿಂದಕ್ಕೆ ಹೋಗೋಣ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಊರಿಗೂ ಕೋಟೆ ಇತ್ತು, ಬಾಗಿಲುಗಳಿದ್ದವು. ಹಲಸೂರು ಗೇಟ್ ಅನ್ನುವ ಹೆಸರು ಈಗಲೂ ಪೊಲೀಸ್ ಸ್ಟೇಷನ್ ಬೋರ್ಡಿನ ಮೇಲೆ ಇದೆ. ಆದರೆ ಅದು ಇಡೀ ಊರಿಗೆಲ್ಲ ಒಂದೇ ಕೋಟೆ. ಈಗ ಸರ್ವೆ ನಂಬರಿಗೊಂದು ಕೋಟೆ. ಹಳೇ ಪೇಟೆ ಸ್ವರ್ಗವಾಗಿತ್ತು ಅಂತ ನಾನು ಹೇಳುತ್ತಿಲ್ಲ. ತಿಗಳರಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ನಗರ್ತಪೇಟೆ ಅನ್ನುವ ಹೆಸರುಗಳೇ ಸಾಕು, ಯಾರ್‍ಯಾರು ಎಲ್ಲೆಲ್ಲಿ ಇರಬೇಕು ಅನ್ನುವುದು ಜಾತಿ ಲೆಕ್ಕದಲ್ಲಿ ಎಷ್ಟು ಗಟ್ಟಿಯಾಗಿತ್ತು ಅಂತ ತಿಳಿಯುವುದಕ್ಕೆ. ವಠಾರದ ನೆನಪುಗಳನ್ನು ಚಪ್ಪರಿಸುವವರು ಆ ವಠಾರದ ಬಾವಿಯಿಂದ ನೀರು ಸೇದುವ ಹಕ್ಕು ಯಾರಿಗಿರಲಿಲ್ಲ ಅಂತಲೂ ಒಮ್ಮೆ ನೆನಪು ಮಾಡಿಕೊಳ್ಳಬೇಕು. ಆದರೂ ಬೀದಿ ಒಂದೇ ಇತ್ತು. ಧರ್ಮರಾಯನ ಗುಡಿಯಿಂದ ಹೊರಡುವ ಕರಗ ಇವತ್ತಿಗೂ ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗುತ್ತದೆ. ಅದು ಬೀದಿಯಿಂದ ಬೀದಿಗೆ ರಾತ್ರಿಯಿಡೀ ಸಾಗುವುದು ಯಾರೂ ಬೀದಿಗೆ ಬೀಗ ಹಾಕಿಲ್ಲ ಅನ್ನುವ ಕಾರಣಕ್ಕೆ. ನಮ್ಮ ಹೊಸ ಬಡಾವಣೆಗಳಲ್ಲಿ ಕರಗ ಹೊರಟರೆ ಮೊದಲ ಗೇಟಿನಲ್ಲೇ ಫ್ಲಾಟ್ ನಂಬರ್ ಕೇಳುತ್ತಾರೆ.

ಆಮೇಲೆ ಊರು ಹಬ್ಬಿದ್ದು ನಿಮಗೆ ಗೊತ್ತೇ ಇದೆ. ಕಾರ್ಖಾನೆಗಳ ಕಾಲದಲ್ಲಿ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಬಂದವು. ಅವುಗಳ ಕ್ವಾರ್ಟರ್ಸ್‌ನಲ್ಲಿ ಫಿಟ್ಟರ್‌ನ ಮಗನೂ ಮೇಲಧಿಕಾರಿಯ ಮಗನೂ ಬೇರೆ ಬೇರೆ ಸೈಜಿನ ಮನೆಗಳಲ್ಲಿ ಇದ್ದರೂ ಒಂದೇ ಮೈದಾನದಲ್ಲಿ ಕ್ರಿಕೆಟ್ ಆಡಿದರು. ಆ ಕಾಲ ಮುಗಿಯಿತು. ಮಲ್ಲೇಶ್ವರದಲ್ಲಿ ರಾಜಾ ಮಿಲ್ ಇದ್ದ ಜಾಗದಲ್ಲಿ ಮಾಲ್ ಇದೆ. 2001ರ ಜನಗಣತಿಯಲ್ಲಿ ಸುಮಾರು 57 ಲಕ್ಷ ಇದ್ದ ಬೆಂಗಳೂರು 2011ರ ಹೊತ್ತಿಗೆ 85 ಲಕ್ಷ ಮುಟ್ಟಿತು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದರು. ಹಳ್ಳಿ ಪಾಲಿಕೆಗೆ ಸೇರಿತು, ನೀರು ಒಳಚರಂಡಿ ಬರಲಿಲ್ಲ. ಆ 110 ಹಳ್ಳಿಗಳಿಗಾಗಿ ಕಾವೇರಿ ಐದನೇ ಹಂತ ಶುರುವಾದದ್ದು 2024ರ ಅಕ್ಟೋಬರ್‌ನಲ್ಲಿ! ಈ ಹದಿನೇಳು ವರ್ಷದಲ್ಲಿ ರಾಗಿ ಹೊಲಗಳ ಮೇಲೆ ಟವರುಗಳು ಎದ್ದವು. ಸರ್ಕಾರ ಏನೂ ಕೊಡದಿದ್ದಾಗ ಬಿಲ್ಡರ್ ಎಲ್ಲ ಕೊಟ್ಟ: ಬೋರ್‌ವೆಲ್, ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿ, ಜನರೇಟರ್, ಪಾರ್ಕ್, ಕಾಂಪೌಂಡು, ಗಾರ್ಡ್. ನಾವು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರಲ್ಲಿ ಆಶ್ಚರ್ಯ ಇಲ್ಲ. ಹೊರಗೆ ಊರು ಅಂತ ಒಂದು ಸಿದ್ಧವಾಗಿ ಇರಲೇ ಇಲ್ಲ.

ಇದು ಬೆಂಗಳೂರಿನ ಕಥೆ ಮಾತ್ರ ಅಲ್ಲ. ಗುರುಗ್ರಾಮದಲ್ಲೂ ಇದೇ, ಬ್ರೆಜಿಲ್‌ನ ಸಾವೊ ಪಾಲೊದಲ್ಲೂ ಇದೇ. ಹಾಗಂತ ಇದು ಮಳೆ ಬಂದ ಹಾಗೆ ತಾನಾಗಿ ಆಗುವ ವಿಷಯವೂ ಅಲ್ಲ. ಸಾವೊ ಪಾಲೊದ ಮಾತಿಗೆ ಮತ್ತೆ ಬರುತ್ತೇನೆ.

ಪ್ರತಿ ವರ್ಷ ನಗರ ಸಮಾಜಶಾಸ್ತ್ರ ಓದುವ ಮಕ್ಕಳಿಗೆ ಒಂದು ಅಸೈನ್‌ಮೆಂಟ್ ಕೊಡುತ್ತೇನೆ. ಎಲ್ಲಾದರೂ ಒಂದು ಕಡೆ ಕೂತು, ಬಂದವರನ್ನು ಹೋದವರನ್ನು ನೋಡಿ, ಕಂಡದ್ದನ್ನು ಬರೆಯಬೇಕು. ಅಭಿಪ್ರಾಯ ಬೇಡ, ಕಂಡದ್ದು ಮಾತ್ರ. ಒಬ್ಬ ವಿದ್ಯಾರ್ಥಿನಿ ವರ್ತೂರು ಕಡೆಯವಳು. ಅವಳು ದೊಡ್ಡದೊಂದು ಅಪಾರ್ಟ್‌ಮೆಂಟಿನ ಎದುರಿನ ಬೇಕರಿಯಲ್ಲಿ ಕೂತು ಗೇಟು ನೋಡಿದಳು. ಮಧ್ಯಾಹ್ನ ಒಂದು ಗಂಟೆ ಸುಮಾರಿಗೆ ಕೆಲಸ ಮುಗಿಸಿದ ಹೆಂಗಸರು ಹೊರಗೆ ಬರುತ್ತಾರೆ. ಗೇಟಿನ ಪಕ್ಕ ಒಂದು ಪ್ಲಾಸ್ಟಿಕ್ ಟೇಬಲ್. ಅದರ ಮೇಲೆ ಬ್ಯಾಗ್ ಬಿಚ್ಚಿ ಇಡಬೇಕು. ಒಬ್ಬರ ಬ್ಯಾಗಿನಲ್ಲಿ ಸ್ಟೀಲ್ ಡಬ್ಬಿ, ಡಬ್ಬಿಯಲ್ಲಿ ನಾಲ್ಕು ಚಪಾತಿ, ಕೆಳಗೆ ಮಡಿಸಿಟ್ಟ ಒಂದು ಮಗುವಿನ ಫ್ರಾಕು. ಫ್ರಾಕಿಗೆ ಇನ್ನೂ ಇಸ್ತ್ರಿ ಇತ್ತು. ಗಾರ್ಡ್ ಅದನ್ನು ಎತ್ತಿ ನೋಡಿದ, ಫ್ಲಾಟಿಗೆ ಫೋನ್ ಮಾಡಿದ. ಫೋನ್ ಯಾರೂ ಎತ್ತಲಿಲ್ಲ. ಮತ್ತೆ ಮಾಡಿದ. ಆ ಹೆಂಗಸು ಬ್ಯಾಗಿನ ಪಕ್ಕ ನಿಂತೇ ಇದ್ದರು. ಗಾರ್ಡ್ ಬೇರೆ ಕಡೆ ನೋಡುತ್ತಿದ್ದ. ಅವನಿಗೂ ಸಂಕೋಚ ಅಂತ ಕಾಣುತ್ತದೆ ಅಂತ ಬರೆದು, ಅದು ಅಭಿಪ್ರಾಯ ಆಯಿತು ಅಂತ ಹುಡುಗಿ ಹೊಡೆದು ಹಾಕಿದ್ದಳು. ಕೊನೆಗೆ ಮೇಲಿನಿಂದ "ಹೌದು, ಕೊಟ್ಟಿದ್ದು" ಅಂತ ಬಂದ ಮೇಲೆ ಬ್ಯಾಗಿನ ಜಿಪ್ ಎಳೆದುಕೊಂಡು ಹೋದರು. ಅಷ್ಟು ಹೊತ್ತಿನಲ್ಲಿ ಹೊರಗೆ ಹೋದ ಯಾವ ಕಾರಿನ ಡಿಕ್ಕಿಯನ್ನೂ ಯಾರೂ ತೆಗೆಸಲಿಲ್ಲ ಅಂತ ಕೊನೆಯ ಸಾಲು. ಅದು ಕಂಡದ್ದೇ. ಅದನ್ನು ಅವಳು ಹೊಡೆದು ಹಾಕಿರಲಿಲ್ಲ.

ಆ ಪುಟವನ್ನು ನಮ್ಮ ಅಪಾರ್ಟ್‌ಮೆಂಟಿನ ಕಮಿಟಿಯ ಮುಂದೆ ಇಟ್ಟೆ. ನಮ್ಮಲ್ಲೂ ಬ್ಯಾಗ್ ತೆಗೆಸುತ್ತಾರೆ. "ಸಾರ್, ಒಂದು ಸಲ ಕಳ್ಳತನ ಆದರೆ ನೀವು ಬರ್ತೀರಾ ಪೊಲೀಸ್ ಸ್ಟೇಷನ್‌ಗೆ?" ಅಂತ ಒಬ್ಬರು ಕೇಳಿದರು. ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಒಬ್ಬರೇ ಇರುವ ವಯಸ್ಸಾದವರು, ರಾತ್ರಿ ಶಿಫ್ಟ್ ಮುಗಿಸಿ ಬರುವ ಹುಡುಗಿಯರು ಎಲ್ಲ ಕಡೆ ಇದ್ದಾರೆ. ಆದರೆ ಬೆಳಗ್ಗೆ ಮನೆ ಬೀಗದ ಕೈಯನ್ನೇ ಕೊಟ್ಟು ಹೋಗುವಷ್ಟು ನಂಬಿಕೆ ಇರುವವರ ಬ್ಯಾಗನ್ನು ಮಧ್ಯಾಹ್ನ ರಸ್ತೆಯಲ್ಲಿ ಬಿಚ್ಚಿಸುವುದು ಯಾವ ಸೆಕ್ಯುರಿಟಿ? ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿ ಮಾಡಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದು 2004ರಲ್ಲಿ. ಗೇಟಿನಲ್ಲಿ ಬ್ಯಾಗ್ ನೋಡುವ ನಾವು, ಆ ಬ್ಯಾಗಿನಲ್ಲಿ ಸರಿಯಾದ ಸಂಬಳ ಇದೆಯಾ ಅಂತ ಯಾವತ್ತಾದರೂ ನೋಡಿದ್ದೇವಾ?

ಇನ್ನು ಲಿಫ್ಟು. ಅಪಾರ್ಟ್‌ಮೆಂಟುಗಳಲ್ಲಿ ಎರಡು ಲಿಫ್ಟು ಇರುತ್ತವೆ, ಒಂದು ದೊಡ್ಡದು, ಒಂದು ಚಿಕ್ಕದು. ಸಾಮಾನು ಸಾಗಿಸುವುದಕ್ಕೆ ಸರ್ವಿಸ್ ಲಿಫ್ಟ್ ಬೇಕು, ಸೋಫಾ ಹೋಗಬೇಕಲ್ಲ. ಆದರೆ ಸೋಫಾಕ್ಕೆ ಇಟ್ಟ ಲಿಫ್ಟಿನಲ್ಲಿ ಬರಿಗೈಯಲ್ಲಿ ಬರುವ ಮನುಷ್ಯರನ್ನು ಕಳಿಸುತ್ತೇವೆ. ಡೆಲಿವರಿ ಹುಡುಗರು, ಕೆಲಸದವರು, ಡ್ರೈವರ್‌ಗಳು ಇದನ್ನೇ ಬಳಸಬೇಕು ಅಂತ ಲ್ಯಾಮಿನೇಟ್ ಮಾಡಿಸಿದ ಚೀಟಿ ಅಂಟಿಸುತ್ತೇವೆ. ನಾಯಿಯನ್ನು ಕರೆದುಕೊಂಡು ಹೋಗುವವರಿಗೂ ಅದೇ ಲಿಫ್ಟು ಅಂತ ಅದೇ ಚೀಟಿಯಲ್ಲಿ ಬರೆದ ಕಡೆಗಳೂ ಇವೆ. ಮಡಿ ಮೈಲಿಗೆಯ ಇತಿಹಾಸ ಇರುವ ನಾಡಿನಲ್ಲಿ ಈ ಚೀಟಿ ಏನು ಹೇಳುತ್ತದೆ ಅಂತ ವಿವರಿಸುವುದು ಬೇಕಾ? ಬರೆದವರಿಗೆ ಅದು ಹೊಳೆದಿರಲಿಕ್ಕಿಲ್ಲ. ಓದಿದವರಿಗೆ ಹೊಳೆದಿರುತ್ತದೆ.

ಸಾವೊ ಪಾಲೊದಲ್ಲೂ ಇದೇ ಪದ್ಧತಿ ಇತ್ತು. ಮನೆಗೆಲಸದವರಿಗೆ ಬೇರೆ ಬಾಗಿಲು, ಬೇರೆ ಲಿಫ್ಟು. 1996ರಲ್ಲಿ ಆ ನಗರ ಒಂದು ಕಾನೂನು ಮಾಡಿತು: ಯಾವ ಕಟ್ಟಡದಲ್ಲೂ ಲಿಫ್ಟ್ ಬಳಸುವುದರಲ್ಲಿ ಮನುಷ್ಯರ ನಡುವೆ ಭೇದ ಮಾಡುವಂತಿಲ್ಲ. ನಮ್ಮ ಪ್ರಾಧಿಕಾರ ಅಂಥದ್ದೊಂದು ನಿಯಮ ಮಾಡಲಿ ಅಂತ ಕೇಳಬಹುದು, ಕೇಳಬೇಕು ಕೂಡ. ಆದರೆ ಚೀಟಿ ಕಿತ್ತು ಹಾಕುವುದಕ್ಕೆ ಪ್ರಾಧಿಕಾರ ಯಾಕೆ ಬೇಕು? ಉಗುರು ಸಾಕು.

2024ರ ಫೆಬ್ರುವರಿಯಲ್ಲಿ ಬಟ್ಟೆ ಕೊಳೆಯಾಗಿದೆ ಅಂತ ಒಬ್ಬ ರೈತರನ್ನು ರಾಜಾಜಿನಗರದ ಮೆಟ್ರೋ ಸ್ಟೇಷನ್‌ನಲ್ಲಿ ಒಳಗೆ ಬಿಡಲಿಲ್ಲ. ಅದೇ ವರ್ಷದ ಜುಲೈನಲ್ಲಿ ಪಂಚೆ ಉಟ್ಟಿದ್ದಾರೆ ಅಂತ ಇನ್ನೊಬ್ಬ ರೈತರನ್ನು ಮಾಗಡಿ ರಸ್ತೆಯ ಮಾಲ್‌ನಲ್ಲಿ ತಡೆದರು. ರಾಜ್ಯವೇ ಸಿಟ್ಟಾಯಿತು. ಮೆಟ್ರೋದಲ್ಲಿ ಸಂಬಂಧಪಟ್ಟವರ ಕೆಲಸ ಹೋಯಿತು, ಮಾಲ್‌ಗೆ ಒಂದು ವಾರ ಬೀಗ ಬಿತ್ತು. ನಮ್ಮ ಗ್ರೂಪಿನಲ್ಲೂ ಎಲ್ಲರೂ ಕೋಪದ ಮೆಸೇಜು ಹಾಕಿದರು. ಹಾಕಬೇಕಾದದ್ದೇ. ಆದರೆ ಅದೇ ರೈತರು ನಮ್ಮ ಗೇಟಿಗೆ ಬಂದು "ಒಳಗೆ ಒಂದು ಸುತ್ತು ಹಾಕಿ ಬರ್ತೀನಿ" ಅಂದಿದ್ದರೆ? ಮಾಲ್ ಕೊನೆಗೂ ಅಂಗಡಿ, ಎಲ್ಲರೂ ಬರಲಿ ಅನ್ನುವುದು ಅದಕ್ಕೆ ಲಾಭ. ನಮಗೆ ಆ ಲಾಭವೂ ಬೇಕಿಲ್ಲ. 2023ರಲ್ಲಿ ಇದೇ ಊರಿನ ಒಂದು ಸೊಸೈಟಿಯ ನೋಟಿಸು ಸುದ್ದಿಯಾಗಿತ್ತು, ನೆನಪಿರಬಹುದು. ಸುತ್ತಮುತ್ತ ಕೆಲಸದವರು ಓಡಾಡಿಕೊಂಡು ಕೂತುಕೊಂಡು ಇದ್ದರೆ ನಿವಾಸಿಗಳಿಗೆ ಇರುಸುಮುರುಸಾಗುತ್ತದೆ ಅನ್ನುವ ಅರ್ಥದ ನೋಟಿಸು. ಎರಡು ಮನೆಗಳ ಕೆಲಸದ ನಡುವೆ ಅರ್ಧ ಗಂಟೆ ಬಿಡುವು ಸಿಕ್ಕಿದರೆ ಅವರು ಎಲ್ಲಿ ಕೂರಬೇಕು? ಮೆಟ್ಟಿಲ ಮೇಲಾ?

1938ರಲ್ಲಿ ಶಿಕಾಗೋದ ಸಮಾಜಶಾಸ್ತ್ರಜ್ಞ ಲೂಯಿ ವರ್ತ್ ನಗರ ಅಂದರೆ ಏನು ಅನ್ನುವುದಕ್ಕೆ ಮೂರು ಗುರುತು ಹೇಳಿದರು. ಜನ ಜಾಸ್ತಿ ಇರಬೇಕು, ಒತ್ತೊತ್ತಾಗಿ ಇರಬೇಕು, ಬೇರೆ ಬೇರೆ ಥರದವರು ಇರಬೇಕು. ಕ್ಲಾಸಿನಲ್ಲಿ ಇದನ್ನು ಹೇಳುವಾಗಲೆಲ್ಲ ನನಗೆ ಬೆಂಗಳೂರಿನದೇ ಯೋಚನೆ. ಮೊದಲನೆಯದು ಎರಡನೆಯದು ನಮ್ಮಲ್ಲಿ ಬೇಕಾದಷ್ಟಿದೆ, ಸಾಲ ಕೊಡುವಷ್ಟಿದೆ. ಮೂರನೆಯದೂ ಅಂಕಿಸಂಖ್ಯೆಯಲ್ಲಿ ಇದೆ. ರಾಯಚೂರು, ಯಾದಗಿರಿ, ಅಸ್ಸಾಂ, ಬಂಗಾಳ, ಕೇರಳ, ಬಿಹಾರ, ಎಲ್ಲರೂ ಇಲ್ಲೇ ಇದ್ದಾರೆ. ಆದರೆ ಬೇರೆ ಬೇರೆಯವರು ಒಂದೇ ಊರಿನಲ್ಲಿದ್ದರೆ ಸಾಲದು. ಒಬ್ಬರಿಗೊಬ್ಬರು ಎದುರಾಗುವ ಜಾಗ ಬೇಕು. ದುಡ್ಡು ಕೊಡದೆ, ಕಾರ್ಡ್ ತೋರಿಸದೆ, ಯಾಕೆ ಬಂದೆ ಅಂತ ಹೇಳದೆ ಕೂರುವ ಜಾಗ. ಫುಟ್‌ಪಾತ್, ಸಂತೆ, ಬಸ್ಸು, ಪಾರ್ಕು, ದರ್ಶಿನಿಯ ಮುಂದಿನ ಕಟ್ಟೆ. ಬಸ್ಸು ಹೇಗೋ ಉಳಿದಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅದರಲ್ಲಿ ಹೆಂಗಸರ ಮಾತು ಮೊದಲಿಗಿಂತ ಜೋರಾಗಿಯೇ ಕೇಳುತ್ತದೆ. ಉಳಿದವು ಒಂದೊಂದಾಗಿ ನಮ್ಮ ದೂರುಗಳಿಂದ ಹೋಗುತ್ತಿವೆ.

ದೂರು ಅಂದೆ, ಅದರದ್ದೇ ಒಂದು ವಿಷಯ. ನಮ್ಮ ಗೇಟಿನ ಪಕ್ಕ ಒಂದು ತರಕಾರಿ ಗಾಡಿ, ಒಂದು ಎಳನೀರು, ಸಂಜೆ ಒಂದು ಬೋಂಡದ ಬಂಡಿ ಇದ್ದವು. ಈಗ ಇಲ್ಲ. ಗ್ರೂಪಿನಲ್ಲಿ ಒಬ್ಬರು ಫೋಟೋ ಹಾಕಿದರು, ಇನ್ನೊಬ್ಬರು ಅದನ್ನು ಅಧಿಕಾರಿಗಳಿಗೆ ಟ್ಯಾಗ್ ಮಾಡಿದರು, ಮೂರನೆಯವರು ಚಪ್ಪಾಳೆಯ ಚಿತ್ರ ಹಾಕಿದರು. ಒಂದು ಬೆಳಗ್ಗೆ ಲಾರಿ ಬಂತು, ತಕ್ಕಡಿ ಸಮೇತ ಎತ್ತಿಕೊಂಡು ಹೋದರು. ಯಾವ ನೋಟಿಸೂ ಇರಲಿಲ್ಲ. ಈಗ ಅದೇ ತರಕಾರಿ ಹತ್ತು ನಿಮಿಷದಲ್ಲಿ ಬೈಕಿನ ಮೇಲೆ ಬರುತ್ತದೆ. ತರುವವನೂ ರಸ್ತೆಯಲ್ಲೇ ದುಡಿಯುವವನು, ಆದರೆ ಅವನು ನಿಲ್ಲುವುದಿಲ್ಲವಲ್ಲ, ಅದಕ್ಕೆ ನಮಗೆ ತೊಂದರೆ ಇಲ್ಲ.

ಬೀದಿ ವ್ಯಾಪಾರಿಗಳ ಕಾಯ್ದೆ 2014ರಲ್ಲೇ ಬಂದಿದೆ. ಅದರ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಎಬ್ಬಿಸಲೇಬೇಕಾದರೆ 30 ದಿನದ ನೋಟಿಸ್ ಕೊಡಬೇಕು. ಎಲ್ಲಿ ಗಾಡಿ ನಿಲ್ಲಬಹುದು, ಎಲ್ಲಿ ಬೇಡ ಅನ್ನುವುದನ್ನು ಮಾತಾಡಲು ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ 40 ಶೇಕಡ ಜನ ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಇನ್ನೊಂದು ವಿಷಯ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ: ಆ ಸಮಿತಿಯಲ್ಲಿ ನಿವಾಸಿ ಸಂಘಗಳಿಗೂ ಜಾಗ ಇದೆ. ಅಂದರೆ ಕಾನೂನು ನಿಮ್ಮನ್ನೂ ಬೋಂಡದವರನ್ನೂ ಒಂದೇ ಟೇಬಲ್ಲಿಗೆ ಕರೆದಿದೆ. ಫುಟ್‌ಪಾತ್ ಅಡ್ಡ ಆಗುತ್ತದೆ, ಎಣ್ಣೆ ಚೆಲ್ಲುತ್ತಾರೆ ಅನ್ನುವುದು ನಿಜವಾದ ತಕರಾರು. ಅದನ್ನು ಆ ಟೇಬಲ್ಲಿನಲ್ಲಿ ಹೇಳಿ. ಲಾರಿ ಕರೆಸಬೇಡಿ. ಸೆಕ್ಯುರಿಟಿ ದೃಷ್ಟಿಯಿಂದಲೇ ನೋಡಿದರೂ ಲೆಕ್ಕ ಸರಿಬರುವುದಿಲ್ಲ. ನಗರಗಳ ಬಗ್ಗೆ ಬರೆಯುತ್ತಿದ್ದ ನ್ಯೂಯಾರ್ಕ್‌ನ ಲೇಖಕಿ ಜೇನ್ ಜೇಕಬ್ಸ್ 1961ರಲ್ಲೇ ಹೇಳಿದ್ದರು, ಬೀದಿ ಕಾಯುವುದು ಬೀದಿಯ ಮೇಲೆ ಕಣ್ಣಿಟ್ಟಿರುವ ಜನ ಅಂತ. ಬೋಂಡದ ಬಂಡಿ ರಾತ್ರಿ ಒಂಬತ್ತೂವರೆವರೆಗೆ ಇರುತ್ತಿತ್ತು. ಈಗ ಆ ಹೊತ್ತಿಗೆ ಬಸ್ ಸ್ಟಾಪಿನಿಂದ ನಡೆದು ಬರುವ ಹುಡುಗಿಯರಿಗೆ ಉದ್ದದ ಕಾಂಪೌಂಡು ಗೋಡೆ ಮಾತ್ರ ಜೊತೆ. ಸಿಸಿಟಿವಿ ಇದೆ ನಿಜ. ಕೂಗಿದರೆ ಅದು ಓಡಿ ಬರುವುದಿಲ್ಲ.

ಬಡಾವಣೆಗಳ ಸಂಘದವರಿಗೆ ಬೇರೆ ಒಂದು ಮಾತು. ಬಡಾವಣೆಯ ನಕ್ಷೆ ಮಂಜೂರಾಗುವಾಗ ಅದರ ರಸ್ತೆ, ಪಾರ್ಕುಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕು. ಬಿಟ್ಟುಕೊಟ್ಟ ಮೇಲೆ ಅದು ಎಲ್ಲರ ರಸ್ತೆ. ಹೈಕೋರ್ಟ್ ಕೂಡ ಇದನ್ನೇ ಹೇಳಿದೆ. ಹೀಗಿದ್ದೂ ಎಷ್ಟೋ ಕಡೆ ಅಡ್ಡಡ್ಡ ಕಬ್ಬಿಣದ ಗೇಟು, ಪಕ್ಕದಲ್ಲಿ ಗಾರ್ಡಿನ ಗೂಡು. ಪಕ್ಕದ ಹಳ್ಳಿಯ ಮಕ್ಕಳು ಸ್ಕೂಲಿಗೆ ಸುತ್ತು ಬಳಸಿ ಹೋಗುತ್ತಾರೆ, ಅವರ ತಾತ ದನ ಹೊಡೆದುಕೊಂಡು ಹೋಗುತ್ತಿದ್ದ ದಾರಿಯ ಮೇಲೇ ಆ ಗೇಟಿದ್ದರೂ. ಪಾರ್ಕುಗಳದ್ದೂ ಹಾಗೇ. ಪಾಲಿಕೆಯ ಪಾರ್ಕುಗಳನ್ನು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕು ಅಂತ 2024ರಲ್ಲಿ ತೀರ್ಮಾನ ಆಯಿತು. ಮಧ್ಯಾಹ್ನ ಯಾರ್‍ಯಾರೋ ಬಂದು ಮಲಗುತ್ತಾರೆ ಅಂತ ಆಕ್ಷೇಪ ಎದ್ದಿತು. ಮಲಗಲಿ ಬಿಡಿ. ಬೆಳಗ್ಗೆಯಿಂದ ಬೈಕಿನ ಮೇಲೆ ಇದ್ದವನು, ಪೇಂಟ್ ಹೊಡೆದವನು ಮರದ ಕೆಳಗೆ ಅರ್ಧ ಗಂಟೆ ಕಣ್ಣು ಮುಚ್ಚಿದರೆ ಹುಲ್ಲಿಗೇನೂ ಆಗುವುದಿಲ್ಲ.

ಬಾಡಿಗೆ ವಿಷಯ ನಾನು ಉದ್ದ ಮಾಡುವುದಿಲ್ಲ, ನಿಮಗೇ ಗೊತ್ತು. ಬ್ಯಾಚುಲರ್‌ಗಳಿಗೆ ಇಲ್ಲ, ಮಾಂಸ ತಿನ್ನುವವರಿಗೆ ಇಲ್ಲ, ಇಂಥ ಹೆಸರಿನವರಿಗೆ ಇಲ್ಲ. ಹೆಸರು ಕೇಳಿದ ಮೇಲೆ "ಮನೆ ಹೋಯ್ತು ಸಾರ್" ಅನ್ನುವ ಬ್ರೋಕರ್‌ಗಳನ್ನು ನನ್ನ ವಿದ್ಯಾರ್ಥಿಗಳು ಕಂಡಷ್ಟು ನಾನು ಕಂಡಿಲ್ಲ, ನನ್ನ ಹೆಸರು ಆ ಥರದ್ದಲ್ಲ. ಮಾಲೀಕರ ಸ್ವಂತ ಇಷ್ಟ ಅಂತ ಹೇಳಿ ಸಂಘ ಕೈತೊಳೆದುಕೊಳ್ಳುತ್ತದೆ. ಆದರೆ ಕೆಲವು ಕಡೆ ಅದು ಸಂಘದ ನಿಯಮದಲ್ಲೇ ಇದೆ. ತಿಗಳರಪೇಟೆ ಕುಂಬಾರಪೇಟೆಯ ಲೆಕ್ಕವನ್ನು ನಾವು ಎಕ್ಸೆಲ್ ಶೀಟಿನಲ್ಲಿ ಮುಂದುವರಿಸುತ್ತಿದ್ದೇವೆ ಅಷ್ಟೇ.

ದೂರುಗಳು ಎಲ್ಲಿಗೆ ಹೋಗಿ ನಿಲ್ಲಬಹುದು ಅನ್ನುವುದಕ್ಕೆ ಒಂದು ಘಟನೆ ಹೇಳಲೇಬೇಕು. 2020ರ ಜನವರಿಯಲ್ಲಿ ಬೆಳ್ಳಂದೂರು ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ ಕೂಲಿಯವರ ಶೆಡ್ಡುಗಳನ್ನು ಕೆಡವಿದರು. ಅಲ್ಲಿರುವವರು ಬಾಂಗ್ಲಾದೇಶದವರು ಅಂತ ಮೊದಲೇ ಸುದ್ದಿ ಹಬ್ಬಿತ್ತು. ಗುರುತಿನ ಚೀಟಿ ಹಿಡಿದು ನಿಂತವರಲ್ಲಿ ಅಸ್ಸಾಂ, ತ್ರಿಪುರದವರಿದ್ದರು, ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಆ ಕೆಡವಿದ್ದು ಕಾನೂನುಬಾಹಿರ ಅಂತ ಆಮೇಲೆ ಹೈಕೋರ್ಟ್ ಹೇಳಿತು. ಅಷ್ಟರಲ್ಲಿ ಪಾತ್ರೆ ಪಡಗ ಮಣ್ಣಾಗಿದ್ದವು. ಅಕ್ಕಪಕ್ಕದ ಟವರುಗಳಲ್ಲಿ ಮರುದಿನ ಎಷ್ಟು ಮನೆಗಳ ಕೆಲಸಕ್ಕೆ ಜನ ಬರಲಿಲ್ಲವೋ! ಆ ಶೆಡ್ಡುಗಳೂ ನಮ್ಮ ಅಪಾರ್ಟ್‌ಮೆಂಟುಗಳ ಭಾಗವೇ, ನಕ್ಷೆಯಲ್ಲಿ ತೋರಿಸಿಲ್ಲ ಅಷ್ಟೇ. ಒಂದು ಟವರ್ ಎದ್ದರೆ ಅದನ್ನು ಗುಡಿಸುವವರಿಗೆ, ಕಾಯುವವರಿಗೆ, ಅಡಿಗೆ ಮಾಡುವವರಿಗೆ ನಡೆದು ಬರುವಷ್ಟು ದೂರದಲ್ಲಿ ಒಂದು ಸೂರು ಬೇಕೇ ಬೇಕು. ಅದನ್ನು ಬಿಲ್ಡರ್ ಕಟ್ಟುವುದಿಲ್ಲ, ಸರ್ಕಾರ ಕಟ್ಟುವುದಿಲ್ಲ. ನೀಲಿ ಟಾರ್ಪಾಲಿನಲ್ಲಿ ಅವರೇ ಕಟ್ಟಿಕೊಂಡರೆ ನಮ್ಮ ಬಾಲ್ಕನಿಯ ವ್ಯೂ ಹಾಳಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ಅಧಿಕಾರದ ಮಾತಿಗೆ ಮತ್ತೆ ಬರುತ್ತೇನೆ. ಹಿಂದಿನ ಪಾಲಿಕೆ ಕಾನೂನಿನಲ್ಲಿ ವಾರ್ಡ್ ಸಮಿತಿಗೆ ಹತ್ತು ಜನ. ಪರಿಶಿಷ್ಟರಿಗೆ ಎರಡು, ಹೆಂಗಸರಿಗೆ ಮೂರು, ನಿವಾಸಿ ಸಂಘಗಳಿಗೆ ಎರಡು ಜಾಗ. ಸಂಘ ಅಂತ ಇರುವುದು ಮನೆ ಇರುವವರಿಗೆ. ಶೆಡ್ಡಿನವರಿಗೆ, ಪಿಜಿಯಲ್ಲಿರುವವರಿಗೆ, ಗಾಡಿಯವರಿಗೆ ಹಾಗೆ ಹೆಸರಿಟ್ಟು ಕೊಟ್ಟ ಜಾಗ ಇರಲಿಲ್ಲ. ಅದು ನಿಮ್ಮ ತಪ್ಪಲ್ಲ. ಆದರೆ ಊರಿನ ಪರವಾಗಿ ಮಾತಾಡುತ್ತಿದ್ದೇವೆ ಅಂತ ನೀವು ಅಂದುಕೊಂಡಾಗ, ಊರಿನ ಅರ್ಧದಷ್ಟು ಜನ ಆ ಮೀಟಿಂಗ್ ಹಾಲಿನ ಹೊರಗೆ ಇರುತ್ತಾರೆ. ಹಲವರು ಆ ಹಾಲನ್ನು ಒರೆಸಿ ಹೋಗಿರುತ್ತಾರೆ.

ನನ್ನ ಕೋರಿಕೆಗಳು ದೊಡ್ಡವಲ್ಲ. ಲಿಫ್ಟಿನ ಚೀಟಿ ತೆಗೆಯಿರಿ, ಸಾಮಾನಿಗೆ ಸರ್ವಿಸ್ ಲಿಫ್ಟು, ಮನುಷ್ಯರಿಗೆ ಯಾವುದಾದರೂ ಸರಿ ಅಂತ ಮಾಡಿ. ಬ್ಯಾಗ್ ತಪಾಸಣೆ ನಿಲ್ಲಿಸಿ. ನಿಲ್ಲಿಸುವ ಧೈರ್ಯ ಇಲ್ಲದಿದ್ದರೆ ಎಲ್ಲರ ಬ್ಯಾಗನ್ನೂ ಎಲ್ಲ ಕಾರಿನ ಡಿಕ್ಕಿಯನ್ನೂ ತೆಗೆಸಿ. ಎಷ್ಟು ದಿನ ನಡೆಯುತ್ತದೋ ನೋಡೋಣ. ಗೇಟಿನ ಒಳಗೋ ಹೊರಗೋ ನೆರಳಿರುವ ಕಡೆ ಒಂದು ಬೆಂಚು, ಕುಡಿಯುವ ನೀರು, ಒಂದು ಶೌಚಾಲಯ ಇಡಿ. ಕೆಲಸದವರಿಗೂ ಡೆಲಿವರಿಯವರಿಗೂ ಗಾರ್ಡಿಗೂ ಅದು ತೆರೆದಿರಲಿ. ಹನ್ನೆರಡು ಗಂಟೆ ಡ್ಯೂಟಿ ಮಾಡುವ ಗಾರ್ಡ್ ಎಲ್ಲಿಗೆ ಹೋಗುತ್ತಾನೆ ಅಂತ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ. ನಾನೂ ಕೇಳಿರಲಿಲ್ಲ, ನಮ್ಮ ಮನೆಗೆ ಬರುವ ಅಕ್ಕ ಹೇಳಿದರು. ಸಾರ್ವಜನಿಕ ರಸ್ತೆಯ ಮೇಲಿನ ಗೇಟು ತೆರೆಯಿರಿ. ವ್ಯಾಪಾರಿಗಳ ಮೇಲೆ ದೂರು ಕೊಡುವ ಮುಂಚೆ ಅವರ ಹತ್ತಿರ ಹೋಗಿ ಒಂದು ಸಲ ಮಾತಾಡಿ. ವಾರ್ಡ್ ಮಟ್ಟದ ಸಭೆಗೆ ನಿಮ್ಮನ್ನು ಕರೆದಾಗ ಪಕ್ಕದ ಹಳ್ಳಿಯವರನ್ನು, ಗಾಡಿಯವರನ್ನು, ಮನೆಗೆಲಸದವರ ಸಂಘದವರನ್ನು ಕರೆದಿದ್ದಾರಾ ಅಂತ ಮೊದಲು ಕೇಳಿ. ಕರೆಯದಿದ್ದರೆ ನೀವೇ ಜೊತೆಯಲ್ಲಿ ಕರೆದುಕೊಂಡು ಹೋಗಿ. ಇಂಜಿನಿಯರ್ ನಿಮ್ಮ ಫೋನ್ ಎತ್ತುತ್ತಾರಲ್ಲ, ಆ ಬಲ ಅಲ್ಲಿಗೂ ಉಪಯೋಗಕ್ಕೆ ಬರಲಿ.

ಆ ವಿದ್ಯಾರ್ಥಿನಿ ಒಪ್ಪಿದ್ದಾಳೆ. ಅವಳೂ ಅವಳ ಜೊತೆಯವರೂ ಯಾವ ಭಾನುವಾರ ಕರೆದರೂ ಬಂದು, ತಾವು ಕಂಡದ್ದನ್ನು ನಿಮ್ಮ ಸಭೆಯಲ್ಲಿ ಓದುತ್ತಾರೆ. ಯಾವ ಅಪಾರ್ಟ್‌ಮೆಂಟಿನ ಹೆಸರೂ ಇರುವುದಿಲ್ಲ. ನಿಮ್ಮ ಮುಂದಿನ ವಾರ್ಷಿಕ ಸಭೆಯ ಅಜೆಂಡಾದಲ್ಲಿ ಇದಕ್ಕೆ ಹದಿನೈದು ನಿಮಿಷ ಕೊಡಿ. ದಯವಿಟ್ಟು ಪಾರ್ಕಿಂಗ್ ವಿಷಯಕ್ಕಿಂತ ಮೊದಲೇ ಇಡಿ. ಅದು ಶುರುವಾದರೆ ಬೇರೆ ಯಾವುದಕ್ಕೂ ಟೈಮ್ ಸಿಗುವುದಿಲ್ಲ, ಅಲ್ವಾ?

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಸಮಾಜಶಾಸ್ತ್ರ ಮೇಷ್ಟ್ರು,
ಬೆಂಗಳೂರು